ಬ್ರಿಸೇಯಿಸ್ ಮೊದಲೇ ಮಾತಾಡಿದ್ದಳು

ಗ್ರೀಕ್ ಪುರಾಣದ ಹೊಸ ಕಾದಂಬರಿಗಳನ್ನು ಓದುತ್ತಿರುವ ಎಳೆಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಓದುಗ ಮಿತ್ರರೇ,

ನಿಮಗೆ ಇಪ್ಪತ್ತೋ ಇಪ್ಪತ್ತೈದೋ ವಯಸ್ಸು. ಚೀಲದಲ್ಲಿ ಮ್ಯಾಡಲಿನ್ ಮಿಲ್ಲರ್ ಅವರ ‘ಸರ್ಸಿ’ ಇದೆ, ಇಲ್ಲವೇ ‘ದಿ ಸಾಂಗ್ ಆಫ್ ಅಕಿಲೀಸ್’ ಇದೆ. ಜೆನಿಫರ್ ಸೇಂಟ್ ಅವರ ‘ಅರಿಯಾಡ್ನಿ’ ಗೆಳತಿಯ ಕೈಯಿಂದ ನಿಮ್ಮ ಕೈಗೆ ಬಂದಿದೆ, ನಿಮ್ಮಿಂದ ಇನ್ನೊಬ್ಬರಿಗೆ ಹೋಗಲಿದೆ. ಸ್ಟೀಫನ್ ಫ್ರೈ ಅವರ ‘ಮಿಥೋಸ್’ ಕಿವಿಗೆ ಹಾಕಿಕೊಂಡು ಬೆಳಗಿನ ವಾಕಿಂಗ್ ಮುಗಿಸುವವರೂ ನಿಮ್ಮಲ್ಲಿದ್ದಾರೆ. ಈ ಪತ್ರ ನಿಮಗೆ.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳಿ ನಿವೃತ್ತನಾದವನು. ಗ್ರೀಕ್ ಭಾಷೆ ನನಗೆ ಬರುವುದಿಲ್ಲ. ಹೋಮರನನ್ನೂ ಯೂರಿಪಿಡೀಸನನ್ನೂ ಇಂಗ್ಲಿಷ್ ಅನುವಾದಗಳಲ್ಲಿ ಓದಿ, ಇಂಗ್ಲಿಷಿನಲ್ಲೇ ಪಾಠ ಮಾಡಿ, ಹುಡುಗರ ಮುಖ ಬಾಡಿದಾಗ ಕನ್ನಡಕ್ಕೆ ಇಳಿದು ಕಥೆ ಹೇಳಿದವನು. ಈಗ ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಸೇರುವ ಓದುಗರ ಗುಂಪಿನಲ್ಲಿ ಕೂತು ನಿಮ್ಮ ವಯಸ್ಸಿನವರ ಮಾತು ಕೇಳುತ್ತೇನೆ. ಕೇಳುತ್ತ ಕೇಳುತ್ತ ಮನಸ್ಸಿನಲ್ಲಿ ಉಳಿದುಕೊಂಡ ಒಂದು ತಕರಾರನ್ನು ನಿಮ್ಮ ಮುಂದಿಡಬೇಕಾಗಿದೆ. ತಕರಾರು ಈ ಕಾದಂಬರಿಗಳ ಮೇಲಲ್ಲ. ಅವುಗಳಲ್ಲಿ ಕೆಲವನ್ನು ನಾನೂ ನಿದ್ದೆಗೆಟ್ಟು ಓದಿದ್ದೇನೆ. ಅವುಗಳ ಬಗ್ಗೆ ನೀವು ಆಡುವ, ಬರೆಯುವ, ಫೋನಿನಲ್ಲಿ ಹಂಚಿಕೊಳ್ಳುವ ಒಂದು ಮಾತಿನ ಮೇಲೆ.

ಆ ಮಾತು ಇದು: ಹೋಮರ್ ಗಂಡಸರ ಕಥೆ ಹೇಳಿದ, ಹೆಂಗಸರ ಬಾಯಿ ಕಟ್ಟಿದ, ಎರಡೂವರೆ ಸಾವಿರ ವರ್ಷ ಕಳೆದ ಮೇಲೆ ಈಗ ಅವರಿಗೆ ಮೊದಲ ಸಲ ದನಿ ಸಿಕ್ಕಿದೆ. ಪುಸ್ತಕಗಳ ಬೆನ್ನುಡಿಗಳೂ ಇದನ್ನೇ ಒಂದಲ್ಲ ಒಂದು ಬಗೆಯಲ್ಲಿ ಹೇಳುತ್ತವೆ. ಮಾರುವವರಿಗೆ ಬೇಕು, ಹೇಳಿಕೊಳ್ಳಲಿ. ಓದುವ ನೀವು ಅದನ್ನು ಹಾಗೇ ನುಂಗಬೇಡಿ ಎಂಬುದು ನನ್ನ ಬಿನ್ನಹ.

ಬ್ರಿಸೇಯಿಸಳನ್ನೇ ನೋಡಿ. ಇಲಿಯಡ್ ಶುರುವಾಗುವುದೇ ಅವಳ ದೆಸೆಯಿಂದ. ಅಗಮೆಮ್ನಾನ್ ತನ್ನ ಪಾಲಿಗೆ ಬಂದಿದ್ದ ಸೆರೆಹೆಣ್ಣನ್ನು ಬಿಟ್ಟುಕೊಡಬೇಕಾಗುತ್ತದೆ. ಆ ನಷ್ಟ ತುಂಬಿಕೊಳ್ಳಲು ಅಕಿಲೀಸನ ಬಿಡಾರಕ್ಕೆ ದೂತರನ್ನು ಕಳಿಸಿ ಬ್ರಿಸೇಯಿಸಳನ್ನು ಕರೆಸಿಕೊಳ್ಳುತ್ತಾನೆ. ಅಕಿಲೀಸ್ ಮುನಿದು ಕಾಳಗಕ್ಕೆ ಹೋಗದೆ ಕೂರುತ್ತಾನೆ. ಅಲ್ಲಿಂದ ಮುಂದೆ ಸಾವಿರಾರು ಸಾಲುಗಳವರೆಗೆ ಅವಳೊಂದು ವಸ್ತು. ಕೊಟ್ಟರು, ಕಸಿದರು, ವಾಪಸು ಕೊಡುತ್ತೇವೆ ಎಂದು ಹೇಳಿಕಳಿಸಿದರು. ದೂತರ ಹಿಂದೆ ಅವಳು ಒಲ್ಲದ ಮನಸ್ಸಿನಿಂದ ನಡೆದಳು ಎಂಬ ಒಂದು ಸುಳಿವನ್ನು ಮೊದಲ ಸರ್ಗದಲ್ಲಿ ಬಿಟ್ಟರೆ ಅವಳ ಒಳಗೇನಿತ್ತೆಂದು ನಮಗೆ ತಿಳಿಯದು. ಇಷ್ಟು ಓದಿ ಪುಸ್ತಕ ಮುಚ್ಚಿದವರ ಮಟ್ಟಿಗೆ ನಿಮ್ಮ ಮಾತು ಸರಿ.

ಮುಚ್ಚದೆ 19ನೆಯ ಸರ್ಗಕ್ಕೆ ಬನ್ನಿ. ಅಕಿಲೀಸನ ಒಡನಾಡಿ ಪಾತ್ರೋಕ್ಲಸ್ ಸತ್ತಿದ್ದಾನೆ. ದೊಡ್ಡವರ ಜಗಳ ಮುಗಿದು ಬ್ರಿಸೇಯಿಸಳನ್ನು ಹಿಂದಕ್ಕೆ ಕರೆತಂದಿದ್ದಾರೆ. ಬಂದವಳಿಗೆ ಮೊದಲು ಕಾಣುವುದು ಪಾತ್ರೋಕ್ಲಸನ ಹೆಣ. ಅದರ ಮೇಲೆ ಬಿದ್ದು ಎದೆ, ಕೊರಳು, ಮುಖ ಪರಚಿಕೊಂಡು, ಹಾಡಿಕೊಂಡು ಅಳುತ್ತಾಳೆ. ಕೈಹಿಡಿದ ಗಂಡ ಊರ ಮುಂದೆಯೇ ಇರಿತಕ್ಕೆ ಸಿಕ್ಕಿದ್ದನ್ನು ಅವಳು ಕಣ್ಣಾರೆ ಕಂಡವಳು. ಒಡಹುಟ್ಟಿದ ಮೂವರೂ ಅದೇ ದಿನ ಸತ್ತರು. ಆಗ, ಅಳಬೇಡ ಎಂದವನು ಈ ಪಾತ್ರೋಕ್ಲಸ್. ನಿನ್ನನ್ನು ಅಕಿಲೀಸನಿಗೆ ಮದುವೆ ಮಾಡಿಸುತ್ತೇನೆ, ನಮ್ಮೂರಿಗೆ ಕರೆದೊಯ್ದು ಮದುವೆಯ ಊಟ ಹಾಕಿಸುತ್ತೇನೆ ಎಂದಿದ್ದ. ಗಂಡನನ್ನು ಕೊಂದವನಿಗೇ ಹೆಂಡತಿಯಾಗುವ ಆಸೆ ತೋರಿಸುವುದೇ ಆ ಪಾಳೆಯದಲ್ಲಿ ದಯೆ! ಅಂಥ ದಯೆಯೂ ಈಗ ನೆಲದ ಮೇಲೆ ಮಲಗಿದೆ. ಅವಳ ಸುತ್ತ ಉಳಿದ ಸೆರೆಹೆಂಗಸರೂ ದನಿ ತೆಗೆದು ಅಳುತ್ತಾರೆ. ಹೋಮರ್ ಅಲ್ಲಿ ಸುಮ್ಮನೆ ಒಂದು ಮಾತು ಸೇರಿಸುತ್ತಾನೆ: ಪಾತ್ರೋಕ್ಲಸ್ ನೆಪ, ಒಳಗೆ ಒಬ್ಬೊಬ್ಬಳೂ ಅತ್ತದ್ದು ತನ್ನ ತನ್ನ ಪಾಡಿಗೆ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಮುಂದೆ ಹಾಡಿಕೊಂಡು ಅಳುವ ಹೆಂಗಸರ ನಡುವೆ ಒಮ್ಮೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಂಪಿನಲ್ಲಿ ಇದನ್ನು ಓದಿದ ಭಾನುವಾರ ಒಬ್ಬ ಹುಡುಗಿ ಸಾಲು ಎಣಿಸಿದಳು. “ಸಾರ್, ಅವಳ ಮಾತು 14 ಸಾಲು. ಇಡೀ ಕಾವ್ಯ 15 ಸಾವಿರ ಸಾಲಿಗೂ ಮೇಲೆ. ಇದನ್ನ ದನಿ ಅಂತೀರಾ?”

ನ್ಯಾಯವಾದ ಪ್ರಶ್ನೆ. ಸಾಲದು ಎಂದು ನಾನೂ ಒಪ್ಪಿದೆ. ಆದರೆ ಸಾಲದು ಎನ್ನುವುದು ಬೇರೆ, ಇರಲೇ ಇಲ್ಲ ಎನ್ನುವುದು ಬೇರೆ. ಸಾಲದು ಎಂದವರು ಹಳೆಯ ಪುಸ್ತಕವನ್ನು ಮತ್ತೆ ತೆಗೆಯುತ್ತಾರೆ, ಆ 14 ಸಾಲಿನ ಸುತ್ತ ಇನ್ನೇನಿದೆ ಎಂದು ನೋಡುತ್ತಾರೆ. ಇರಲೇ ಇಲ್ಲ ಎಂದವರಿಗೆ ಅದನ್ನು ತೆಗೆಯುವ ಕಾರಣವೇ ಉಳಿಯುವುದಿಲ್ಲ. ನನ್ನ ಹೆದರಿಕೆ ಈ ಎರಡನೆಯದು.

ಪ್ಯಾಟ್ ಬಾರ್ಕರ್ ಮೊದಲ ಜಾತಿಯವರು. ಮೊದಲ ಮಹಾಯುದ್ಧದ ಸೈನಿಕರ ಬಗ್ಗೆ ಮೂರು ಕಾದಂಬರಿ ಬರೆದು, ಮೂರನೆಯದಕ್ಕೆ 1995ರಲ್ಲಿ ಬೂಕರ್ ಪಡೆದಾಕೆ. 2018ರಲ್ಲಿ ಬಂದ ಅವರ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ ಬ್ರಿಸೇಯಿಸಳ ಬಾಯಲ್ಲೇ ಶುರುವಾಗುತ್ತದೆ. ಲಿರ್ನೆಸಸ್ ಊರಿಗೆ ಅಕಿಲೀಸ್ ಮುತ್ತಿಗೆ ಹಾಕಿದ್ದಾನೆ; ಹೆಂಗಸರು ಮಕ್ಕಳು ಕೋಟೆಯೊಳಗೆ ಕೂಡಿಕೊಂಡು ಅವನ ಕೂಗು ಹತ್ತಿರವಾಗುವುದನ್ನು ಕೇಳುತ್ತಿದ್ದಾರೆ. ಇದರಲ್ಲಿನ ಗ್ರೀಕ್ ಸೈನಿಕರು ಇಂಗ್ಲಿಷ್ ಸೋಲ್ಜರುಗಳ ಹಾಗೆ ಬೈಯುತ್ತಾರೆ, ಕುಡಿದು ಪೋಲಿ ಹಾಡು ಹಾಡುತ್ತಾರೆ. ಕೆಲವರಿಗೆ ಇದು ಹಿಡಿಸಲಿಲ್ಲ. ನನಗೆ ಹಿಡಿಸಿತು, ಎಲ್ಲ ಕಾಲದ ಪಾಳೆಯಗಳಲ್ಲೂ ಸಂಜೆಗಳು ಹಾಗೇ ಇದ್ದಿರಬೇಕು.

ಬಾರ್ಕರ್ ಹೋಮರನನ್ನು ಎಷ್ಟು ಹತ್ತಿರದಿಂದ ಓದಿದ್ದಾರೆಂಬುದು ಎರಡು ಕಡೆ ಗೊತ್ತಾಗುತ್ತದೆ. ಇಲಿಯಡ್‌ನ 9ನೆಯ ಸರ್ಗದ ಕೊನೆಗೆ, ರಾತ್ರಿ ಎಲ್ಲರೂ ಮಲಗುವಾಗ, ಪಾತ್ರೋಕ್ಲಸನ ಪಕ್ಕದಲ್ಲಿ ಇಫಿಸ್ ಎಂಬವಳು ಮಲಗಿದಳು, ಸ್ಕೈರಾಸ್ ಗೆದ್ದಾಗ ಅಕಿಲೀಸ್ ಅವನಿಗೆ ಕೊಟ್ಟ ಹೆಣ್ಣು ಎಂದಿದೆ. ಎರಡು ಮೂರು ಸಾಲು, ಅಷ್ಟೇ. ಬಾರ್ಕರ್ ಆ ಇಫಿಸಳನ್ನು ಎಬ್ಬಿಸಿ ಬ್ರಿಸೇಯಿಸಳಿಗೆ ಗೆಳತಿಯಾಗಿ ಕೊಡುತ್ತಾರೆ. ಇನ್ನೊಂದು 24ನೆಯ ಸರ್ಗದ ಪ್ರಸಂಗ. ಮುದಿ ದೊರೆ ಪ್ರಿಯಾಮ್ ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ಮಗ ಹೆಕ್ಟರನನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ಯಾರೂ ಮಾಡದ್ದನ್ನು ಮಾಡಿದೆ ಎಂದು ಹೆಣ ಬೇಡುತ್ತಾನೆ. ಲೋಕದ ಕಾವ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ ನಾನು ಓದಿಲ್ಲ. ಬಾರ್ಕರ್ ಅದನ್ನು ಕೆಡಿಸುವುದಿಲ್ಲ. ಅಲ್ಲೇ ನಿಂತು ಕೇಳಿಸಿಕೊಂಡ ಬ್ರಿಸೇಯಿಸಳ ಮನಸ್ಸಿನಲ್ಲಿ ಒಂದು ಮಾತು ಹಾಯಿಸುತ್ತಾರೆ. ಗಂಡನನ್ನೂ ಒಡಹುಟ್ಟಿದವರನ್ನೂ ಕೊಂದವನ ಹಾಸಿಗೆಗೆ ಹೋಗುವ ತಾನು, ತನ್ನಂಥ ಲೆಕ್ಕವಿಲ್ಲದ ಹೆಂಗಸರು ಮಾಡುತ್ತ ಬಂದಿರುವುದು ಏನು ಎಂಬರ್ಥದ ಮಾತು. ಹೋಮರನ ಸರ್ಗ ಓದಿದವರಿಗೆ ಈ ಏಟು ಎರಡು ಪಟ್ಟು ತಾಗುತ್ತದೆ. ಓದದವರಿಗೆ ಅದೊಂದು ಒಳ್ಳೆಯ ಡೈಲಾಗ್.

ಬ್ರಿಸೇಯಿಸಳಿಗೆ ಮಾತು ಕೊಟ್ಟವರು ನಡುವೆಯೂ ಇದ್ದರು. ರೋಮಿನ ಕವಿ ಓವಿಡ್ ಪುರಾಣದ ಹೆಂಗಸರು ತಮ್ಮ ಗಂಡಸರಿಗೆ ಬರೆದ ಕಾಗದಗಳೆಂದು ಒಂದು ಪದ್ಯಮಾಲೆಯನ್ನೇ ಕಟ್ಟಿದ, ಎರಡು ಸಾವಿರ ವರ್ಷದ ಹಿಂದೆ. ಅದರಲ್ಲಿ ಮೊದಲ ಕಾಗದ ಪೆನೆಲೊಪಿಯದು, ಮೂರನೆಯದು ಬ್ರಿಸೇಯಿಸಳದು. ಪರದೇಶದವಳ ಕೈಬರಹ, ಗ್ರೀಕ್ ಸರಿಯಾಗಿ ಬಾರದು, ಕಣ್ಣೀರು ಬಿದ್ದು ಅಕ್ಷರ ಕಲಸಿದೆ ಎಂದು ಅವಳು ಶುರು ಮಾಡುತ್ತಾಳೆ. ಅದಕ್ಕೂ ನಾಲ್ಕು ಶತಮಾನ ಮೊದಲು, ಕ್ರಿ.ಪೂ. 415ರಲ್ಲಿ, ಯೂರಿಪಿಡೀಸ್ ‘ಟ್ರಾಯ್‌ನ ಹೆಂಗಸರು’ ನಾಟಕ ಆಡಿಸಿದ. ಅದರ ಹಿಂದಿನ ಚಳಿಗಾಲದಲ್ಲಷ್ಟೇ ಅಥೆನ್ಸಿನವರು ಮೀಲಾಸ್ ಎಂಬ ಪುಟ್ಟ ದ್ವೀಪ ತಮಗೆ ತಲೆಬಾಗಲಿಲ್ಲವೆಂದು ಅದರ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರಿದ್ದರು. ಆ ಜನರ ಎದುರೇ ಅವನು ಸೋತ ಊರಿನ ಹೆಂಗಸರನ್ನು ನಿಲ್ಲಿಸಿದ. ಹೆಕ್ಟರನ ಎಳೆಯ ಮಗನನ್ನು ಕೋಟೆಯಿಂದ ಕೆಳಗೆಸೆದು ಕೊಂದಿದ್ದಾರೆ, ಹೆಣವನ್ನು ತಂದೆಯ ಗುರಾಣಿಯ ಮೇಲೆ ತರುತ್ತಾರೆ, ಅಜ್ಜಿ ಹೆಕ್ಯುಬಾ ಅದಕ್ಕೆ ಬಟ್ಟೆ ಹೊದಿಸುತ್ತಾಳೆ. ಸ್ಪರ್ಧೆಯಲ್ಲಿ ಅವನಿಗೆ ಎರಡನೆಯ ಸ್ಥಾನ ಬಂತು. ಮೊದಲ ಸ್ಥಾನ ಬಂದ ನಾಟಕ ಇವತ್ತು ಯಾರ ಬಳಿಯೂ ಇಲ್ಲ.

ಬರೆದವರೂ ಗಂಡಸರು, ಮುಖವಾಡ ಹಾಕಿ ಹೆಕ್ಯುಬಾ ಆದವರೂ ಗಂಡಸರು ಎಂದು ನೀವು ಹೇಳಬಹುದು. ನಿಜ. ಈಗ ಹೊಸದಾಗಿರುವುದು ಬರೆಯುವ ಕೈ. ಅದು ಸಣ್ಣ ಸಂಗತಿಯಲ್ಲ, ಅದನ್ನು ಹಾಗೆಂದೇ ಹೇಳಿ. ಹೇಳುವಾಗ ಕ್ರಿ.ಪೂ. 600ರ ಸುಮಾರಿಗೆ ಲೆಸ್ಬಾಸ್ ದ್ವೀಪದಲ್ಲಿ ಕೂತು ಹೆಲೆನಳನ್ನು ಬೈಯದೆ ಅವಳ ಒಲವಿನ ಕಡೆಯಿಂದ ಕಥೆ ನೋಡಿದ ಸಾಫೋ ಎಂಬ ಹೆಣ್ಣುಮಗಳನ್ನೂ ನೆನೆಯಿರಿ.

ಇನ್ನು ಪಾತ್ರೋಕ್ಲಸ್. ಈ ಹೆಸರು ಬಂದರೆ ನಮ್ಮ ಗುಂಪಿನಲ್ಲಿ ಅರ್ಧ ಜನರ ಕಣ್ಣು ಒದ್ದೆಯಾಗುತ್ತದೆ. 2011ರಲ್ಲಿ ಬಂದು ಮರುವರ್ಷ ಆರೆಂಜ್ ಪ್ರಶಸ್ತಿ ಪಡೆದ ‘ದಿ ಸಾಂಗ್ ಆಫ್ ಅಕಿಲೀಸ್’ ಬರೆಯಲು ಮಿಲ್ಲರ್ ಹತ್ತು ವರ್ಷ ತೆಗೆದುಕೊಂಡರು. ಕಥೆ ಹೇಳುವವನು ಪಾತ್ರೋಕ್ಲಸನೇ. ಸತ್ತ ಮೇಲೂ ಅವನು ನಿಲ್ಲಿಸುವುದಿಲ್ಲ. ಅವನೂ ಅಕಿಲೀಸನೂ ಪ್ರೇಮಿಗಳು. ಇದನ್ನು ಇಂದಿನ ಕಾಲದ ಹುಚ್ಚು ಎಂದು ಗೊಣಗುವ ನನ್ನ ವಯಸ್ಸಿನವರಿಗೆ ಒಂದು ಮಾತು ಗೊತ್ತಿರಲಿ. ಈಸ್ಕಿಲಸ್ ತನ್ನ ನಾಟಕದಲ್ಲಿ ಅವರನ್ನು ಹಾಗೇ ತೋರಿಸಿದ್ದ. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಆ ಇಬ್ಬರ ಪೈಕಿ ಯಾರು ಪ್ರೇಮಿ, ಯಾರು ಪ್ರಿಯ ಎಂಬ ಚರ್ಚೆಯೇ ನಡೆಯುತ್ತದೆ. ಅಲ್ಲಿ ನನ್ನ ತಕರಾರಿಲ್ಲ.

ತಕರಾರು ಬೇರೆ ಕಡೆ. ಮಿಲ್ಲರ್ ಅವರ ಪಾತ್ರೋಕ್ಲಸ್ ಯುದ್ಧಕ್ಕೆ ಒಗ್ಗದ ಹುಡುಗ, ಗಾಯಕ್ಕೆ ಮದ್ದು ಕಟ್ಟುವವನು. ಸೆರೆಹೆಂಗಸರು ಅಗಮೆಮ್ನಾನನ ಕೈಗೆ ಬೀಳದಿರಲೆಂದು, ಅವರನ್ನು ನೀನೇ ಕೇಳಿ ತೆಗೆದುಕೋ ಎಂದು ಅಕಿಲೀಸನನ್ನು ಒಪ್ಪಿಸುತ್ತಾನೆ. ಬ್ರಿಸೇಯಿಸಳನ್ನು ಅವರಿಬ್ಬರೂ ಮುಟ್ಟುವುದಿಲ್ಲ, ಅವಳಿಗೆ ಗ್ರೀಕ್ ಕಲಿಸುತ್ತಾರೆ. ಈ ಪುಸ್ತಕ ಓದಿ ಮನಸೋತಿದ್ದ ಹುಡುಗನೊಬ್ಬನಿಗೆ ಇಲಿಯಡ್‌ನ 16ನೆಯ ಸರ್ಗ ಓದಲು ಕೊಟ್ಟೆ. ಅಕಿಲೀಸನ ಕವಚ ತೊಟ್ಟು ಪಾತ್ರೋಕ್ಲಸ್ ಕಾಳಗಕ್ಕಿಳಿಯುವುದು ಅಲ್ಲೇ. ಒಬ್ಬರ ಮೇಲೊಬ್ಬರನ್ನು ಕೆಡವುತ್ತ ಹೋಗುತ್ತಾನೆ. ಜ್ಯೂಸ್ ದೇವರ ಸ್ವಂತ ಮಗ ಸಾರ್ಪಿಡಾನನನ್ನೂ ಕೊಲ್ಲುತ್ತಾನೆ. ಆಮೇಲೆ ಹೆಕ್ಟರನ ಸಾರಥಿ ಸೆಬ್ರಿಯೊನಿಸನ ಹಣೆಗೆ ಒಂದು ಕಲ್ಲು ಬೀಸುತ್ತಾನೆ. ಎಲುಬು ಪುಡಿಯಾಗಿ ಎರಡೂ ಕಣ್ಣು ಕಿತ್ತು ಮಣ್ಣಿಗೆ ಬೀಳುತ್ತವೆ, ಆಳು ರಥದಿಂದ ತಲೆಕೆಳಗಾಗಿ ಉರುಳುತ್ತಾನೆ. ಅದನ್ನು ನೋಡಿ ಪಾತ್ರೋಕ್ಲಸ್ ಗೇಲಿ ಮಾಡುತ್ತಾನೆ: ಎಷ್ಟು ಚೆಂದ ಮುಳುಗು ಹಾಕಿದ, ಕಡಲಲ್ಲಿದ್ದಿದ್ದರೆ ಚಿಪ್ಪು ಹೆಕ್ಕಿ ಎಷ್ಟು ಜನರ ಹೊಟ್ಟೆ ತುಂಬಿಸುತ್ತಿದ್ದನೋ ಎಂಬ ಧಾಟಿಯಲ್ಲಿ.

ಹುಡುಗ ಪುಸ್ತಕ ತಂದು ಮೇಜಿನ ಮೇಲಿಟ್ಟ. “ಇವನು ನಮ್ಮ ಪಾತ್ರೋಕ್ಲಸ್ ಅಲ್ಲ ಸಾರ್” ಎಂದ. ಸಿಟ್ಟಿತ್ತು ಅವನ ಮಾತಿನಲ್ಲಿ, ಯಾರೋ ಮೋಸ ಮಾಡಿದಂತೆ.

ಸ್ವಲ್ಪ ಯೋಚಿಸಿ. ಬ್ರಿಸೇಯಿಸ್ ಹೆಣದ ಮೇಲೆ ಬಿದ್ದು, ಸದಾ ಮೆದುವಾಗಿದ್ದವನೇ ಎಂದು ಅತ್ತದ್ದು ಇದೇ ಪಾತ್ರೋಕ್ಲಸನಿಗೆ. ಕಣ್ಣು ಕಿತ್ತು ಬಿದ್ದವನನ್ನು ಕಂಡು ನಕ್ಕವನೂ ಇವನೇ. ಇಫಿಸಳನ್ನು ಬಳುವಳಿಯಂತೆ ಪಡೆದು ಪಕ್ಕದಲ್ಲಿ ಮಲಗಿಸಿಕೊಂಡವನೂ ಇವನೇ. ಮೂರನ್ನೂ ಹೋಮರ್ ಒಂದೇ ಆಳಿನಲ್ಲಿಟ್ಟಿದ್ದಾನೆ, ವಿವರಣೆ ಕೊಡುವ ಗೋಜಿಗೆ ಹೋಗಿಲ್ಲ. ಒಳ್ಳೆಯ ಹುಡುಗನೊಬ್ಬ ತಾನು ಕೊಂದವನನ್ನು ಕಂಡು ನಗುವುದನ್ನು ಮಿಲ್ಲರ್ ಅವರ ಪುಸ್ತಕ ನಿಮಗೆ ತೋರಿಸುವುದಿಲ್ಲ. ಅವನನ್ನು ನಾವು ಪ್ರೀತಿಸಲಿ ಎಂದು ಅದನ್ನು ಆಚೆಗಿಟ್ಟಿದೆ. ಕಾದಂಬರಿಕಾರ್ತಿಗೆ ಆ ಹಕ್ಕಿದೆ. ಏನನ್ನು ಆಚೆಗಿಟ್ಟರು ಎಂದು ತಿಳಿಯುವ ಹಕ್ಕು ನಿಮಗಿದೆ.

‘ಸರ್ಸಿ’ಯಲ್ಲಿ ಇದು ತಿರುವುಮುರುವು. ಒಡಿಸ್ಸಿಯ 10ನೆಯ ಸರ್ಗದಲ್ಲಿ ಅವಳು ನಾವಿಕರನ್ನು ಹಂದಿಗಳಾಗಿ ಮಾಡುತ್ತಾಳೆ, ಯಾಕೆಂದು ಹೋಮರ್ ಹೇಳುವುದಿಲ್ಲ. ಮಿಲ್ಲರ್ ಕಾರಣ ಕೊಡುತ್ತಾರೆ: ನಡುಗಡ್ಡೆಯಲ್ಲಿ ಒಂಟಿ ಹೆಂಗಸನ್ನು ಕಂಡ ನಾವಿಕರು ಅವಳ ಮೈಮೇಲೆ ಬೀಳುತ್ತಾರೆ, ಅಲ್ಲಿಂದಾಚೆಗೆ ಅವಳು ಯಾರನ್ನೂ ನಂಬುವುದಿಲ್ಲ. ಸೊಪ್ಪು ಬೇರು ಅರೆದು, ಕೆಟ್ಟು, ಮತ್ತೆ ಅರೆದು ಮಾಟ ಕಲಿಯುವ ಪುಟಗಳು ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟ. ಕೊನೆಗೆ ಸರ್ಸಿಯೂ ಒಡಿಸ್ಯೂಸನ ಮಗ ಟೆಲಿಮಾಕಸನೂ ಜೊತೆಯಾಗುವುದನ್ನು ಓದಿ, ಇದೆಂಥ ಕಟ್ಟುಕಥೆ ಎಂದವರಿದ್ದಾರೆ. ಅದು ಮಿಲ್ಲರ್ ಕಟ್ಟಿದ್ದಲ್ಲ. ‘ಟೆಲಿಗೊನಿ’ ಎಂಬ ಕಳೆದುಹೋದ ಹಳೆಯ ಕಾವ್ಯದ ಸಾರಾಂಶ ಉಳಿದಿದೆ, ಅದರಲ್ಲೇ ಈ ಮದುವೆ ಇದೆ. ಮೆಡೂಸಾಳದೂ ಇಂಥದೇ ಕಥೆ. ಗುಡಿಯಲ್ಲಿ ಅವಳ ಮೇಲೆ ಅತ್ಯಾಚಾರವಾಯಿತು, ಶಾಪ ತಟ್ಟಿದ್ದು ಅವಳಿಗೇ ಎಂಬುದನ್ನೇ ಮೂಲ ಗ್ರೀಕ್ ಕಥೆ ಎಂದು ನೀವೆಲ್ಲ ತಿಳಿದಿದ್ದೀರಿ. ಅದು ಓವಿಡ್ ಹೇಳಿದ ಕಥೆ. ಅವನಿಗಿಂತ ಶತಮಾನಗಳ ಹಿಂದಿನ ಹೆಸಿಯಡ್‌ನಲ್ಲಿ ಅವಳು ಹುಟ್ಟಾ ಗಾರ್ಗನ್, ಗುಡಿಯೂ ಇಲ್ಲ ಶಾಪವೂ ಇಲ್ಲ. ನಟಾಲಿ ಹೇನ್ಸ್ ಅವರ ‘ಸ್ಟೋನ್ ಬ್ಲೈಂಡ್’ ಓದುವಾಗ ಇದು ನೆನಪಿರಲಿ.

ಈ ಅಲೆಯಲ್ಲಿ ನನಗೆ ಬೇಸರ ತರಿಸುವ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಹೊಂಬಣ್ಣದ ರಕ್ಷಾಪುಟ, ಅದರ ಮೇಲೆ ಒಬ್ಬಳ ಹೆಸರು. ಹೆಸರಿರುವವಳು ಸಾಮಾನ್ಯವಾಗಿ ದೊರೆಮಗಳು, ರಾಣಿ, ಇಲ್ಲವೇ ದೇವತೆ. ಅವಳಿಗೆ ಅಪ್ಪನಿಂದ ಅನ್ಯಾಯ, ಗಂಡನಿಂದ ಅನ್ಯಾಯ. ಎಲ್ಲ ಸರಿ. ಅವಳ ತಲೆ ಬಾಚುವವಳು ಯಾರು? ನೀರು ತುಂಬುವವಳು, ಬೀಸುವವಳು, ನೇಯುವವಳು? ಅರಮನೆಯ ದುಃಖ ಕೇಳಿ ಕೇಳಿ ನನಗೆ ಅಡುಗೆಮನೆಯ ಕಡೆ ಕಿವಿ ಹೋಗುತ್ತದೆ.

ಆ ಕಡೆ ಹೋದವರಲ್ಲಿ ಹಿರಿಯರು ಮಾರ್ಗರೆಟ್ ಅಟ್‌ವುಡ್. 2005ರ ‘ದಿ ಪೆನೆಲೊಪಿಯಡ್’ ಸಣ್ಣ ಪುಸ್ತಕ, ಒಂದೆರಡು ಸಂಜೆಗೆ ಮುಗಿಯುತ್ತದೆ. ಅದಕ್ಕೆ ಬೀಜ ಒಡಿಸ್ಸಿಯ 22ನೆಯ ಸರ್ಗದಲ್ಲಿದೆ. ಇಪ್ಪತ್ತು ವರ್ಷದ ಮೇಲೆ ಮನೆಗೆ ಬಂದ ಒಡಿಸ್ಯೂಸ್, ಹೆಂಡತಿಯನ್ನು ಕಾಡುತ್ತಿದ್ದ ಗಂಡಸರನ್ನೆಲ್ಲ ಕೊಂದು ಹಾಕಿದ್ದಾನೆ. ಆಮೇಲೆ, ಅವರೊಂದಿಗೆ ಮಲಗಿದ ತೊತ್ತುಗಳು ಯಾರೆಂದು ಮುದಿ ದಾದಿಯನ್ನು ಕೇಳುತ್ತಾನೆ. ಮನೆಯ 50 ದಾಸಿಯರಲ್ಲಿ 12 ಜನ ಎಂದು ಅವಳು ತೋರಿಸುತ್ತಾಳೆ. ಮೊದಲು ಆ ಹನ್ನೆರಡು ಜನರ ಕೈಯಲ್ಲೇ ಹೆಣ ಹೊರಿಸುತ್ತಾರೆ. ಮೇಜು ಕುರ್ಚಿಗಳಿಗೆ ಹತ್ತಿದ ರಕ್ತವನ್ನು ನೀರು ಹಾಕಿ ಅವರಿಂದಲೇ ಒರೆಸಿಸುತ್ತಾರೆ. ಕೆಲಸ ಮುಗಿದ ಮೇಲೆ ಅಂಗಳಕ್ಕೆ ಅಟ್ಟುತ್ತಾರೆ. ಕತ್ತಿಯಿಂದ ಕೊಲ್ಲಿ ಎಂದು ಅಪ್ಪನ ಅಪ್ಪಣೆ. ಇವರಿಗೆ ಅಂಥ ಮರ್ಯಾದೆಯ ಸಾವು ಬೇಡ ಎಂದು ಮಗ ಟೆಲಿಮಾಕಸ್ ಹಡಗಿನ ಹಗ್ಗ ತಂದು ಕಂಬಕ್ಕೆ ಬಿಗಿದು ಎತ್ತರಕ್ಕೆ ಎಳೆಯುತ್ತಾನೆ. ಗೂಡಿಗೆ ಮರಳುತ್ತಿದ್ದ ಹಕ್ಕಿಗಳು ಬಲೆಗೆ ಸಿಕ್ಕ ಹಾಗೆ ಸಾಲಾಗಿ ತೂಗಿದರು, ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಹೆಚ್ಚು ಹೊತ್ತಲ್ಲ ಎನ್ನುತ್ತಾನೆ ಹೋಮರ್.

ಅವನಿಗೆ ಕನಿಕರವಿತ್ತೇ, ಇಲ್ಲವೇ ಎಂದು ಪಂಡಿತರು ಜಗಳವಾಡುತ್ತಾರೆ. ನನಗೆ ಕಾಣುವುದಿಷ್ಟು: ಕನಿಕರವೇ ಇಲ್ಲದವನು ಆ ಕಾಲುಗಳನ್ನು ನೋಡುತ್ತಿರಲಿಲ್ಲ. ಅಟ್‌ವುಡ್ ಈ ಹನ್ನೆರಡು ಜನರಿಗೆ ಹಳೆಯ ನಾಟಕದ ಮೇಳದ ವೇಷ ಕೊಟ್ಟಿದ್ದಾರೆ. ಪೆನೆಲೊಪಿ ತನ್ನ ಕಥೆ ಹೇಳುತ್ತಿದ್ದಂತೆ ನಡುನಡುವೆ ಇವರು ನುಗ್ಗಿ ಹಾಡುತ್ತಾರೆ, ಕುಣಿಯುತ್ತಾರೆ, ಕೋರ್ಟು ಕಲಾಪ ನಡೆಸುತ್ತಾರೆ, ಕಾಲೇಜು ಮೇಷ್ಟರ ಹಾಗೆ ಭಾಷಣವನ್ನೂ ಬಿಗಿಯುತ್ತಾರೆ. ಇನ್ನೂ ಖಾರದ ಸಂಗತಿಯೆಂದರೆ, ಆ ಗಂಡಸರ ಜೊತೆ ಬೆರೆತು ಗುಟ್ಟು ತನ್ನಿ ಎಂದು ಅವರನ್ನು ಕಳಿಸಿದ್ದೇ ಪೆನೆಲೊಪಿ. ನೇಣು ಹಾಕುವಾಗ ತಾನು ನಿದ್ದೆಯಲ್ಲಿದ್ದೆ ಎನ್ನುತ್ತಾಳೆ. ಒಡತಿಯ ಮಾತನ್ನು ನಾವು ಎಷ್ಟು ನಂಬಬೇಕು? ಅಟ್‌ವುಡ್ ಅದನ್ನು ನಮಗೇ ಬಿಡುತ್ತಾರೆ.

ಕ್ರಿಸ್ಟಾ ವೋಲ್ಫ್ ಅವರ ‘ಕಸಾಂಡ್ರಾ’ ನಿಮ್ಮಲ್ಲಿ ಯಾರೂ ಓದಿದಂತಿಲ್ಲ. 1983, ಪೂರ್ವ ಜರ್ಮನಿ. ಯುರೋಪಿನ ಎರಡೂ ಬದಿಗೆ ಅಣ್ವಸ್ತ್ರ ಜೋಡಿಸುತ್ತಿದ್ದ ಕಾಲ. ವೋಲ್ಫ್ ಅವರ ಟ್ರಾಯ್‌ನಲ್ಲಿ ಹೆಲೆನ್ ಇಲ್ಲವೇ ಇಲ್ಲ. ಅವಳು ಈಜಿಪ್ಟಿನಲ್ಲೇ ಉಳಿದಳು; ಇದ್ದಾಳೆ ಎಂದು ಅರಮನೆ ಸುಳ್ಳು ಹೇಳಿಕೊಂಡು ಇಡೀ ಊರನ್ನು ಸಾಯಿಸುತ್ತದೆ. ಹೆಲೆನ್ ಈಜಿಪ್ಟಿನಲ್ಲಿದ್ದಳು ಎಂಬುದು ಕವಿ ಸ್ಟೆಸಿಕೋರಸ್, ಇತಿಹಾಸಕಾರ ಹೆರೊಡೊಟಸ್, ನಾಟಕಕಾರ ಯೂರಿಪಿಡೀಸ್ ಎಲ್ಲರೂ ಹೇಳಿದ್ದೇ. ಹಳೆಯ ಕಥೆಯ ಒಂದು ಪಾಠವನ್ನು ಎತ್ತಿ ತನ್ನ ಸರ್ಕಾರದ ಮುಖಕ್ಕೆ ಹಿಡಿದ ಧೈರ್ಯ ಅದು. ಸಿಕ್ಕಿದರೆ ಬಿಡಬೇಡಿ. ಕಮಿಲಾ ಶಮ್ಸಿ ಅವರ ‘ಹೋಮ್ ಫೈರ್’ ಕೂಡ. ಲಂಡನ್ನಿನ ಪಾಕಿಸ್ತಾನಿ ಮನೆತನದೊಳಗೆ ಅಂತಿಗೊನೆಯ ಕಥೆ, ಗ್ರೀಕ್ ಹೆಸರು ಒಂದೂ ಇಲ್ಲ.

ಒಂದೇ ಪುಸ್ತಕ ಹೇಳಿ ಎಂದು ಕೇಳಿದರೆ ನಾನು ಹೇಳುವುದು ಆಸ್ಟ್ರೇಲಿಯಾದ ಡೇವಿಡ್ ಮಾಲೂಫ್ ಬರೆದ ‘ರ‍್ಯಾನ್ಸಮ್’, 2009. ಪ್ರಿಯಾಮ್ ಮಗನ ಹೆಣ ಬೇಡಲು ಹೋದ ಆ ಒಂದು ರಾತ್ರಿಯ ಕಥೆ. ಹೋಮರನಲ್ಲಿ ಹೇಸರಗತ್ತೆಯ ಬಂಡಿ ಹೊಡೆಯುವವನು ಅರಮನೆಯ ದೂತ ಇಡೀಯಸ್. ಮಾಲೂಫ್ ಆ ಜಾಗಕ್ಕೆ ಸಂತೆಯಲ್ಲಿ ಬಾಡಿಗೆಗೆ ನಿಂತ ಸೋಮಾಕ್ಸ್ ಎಂಬ ಬಂಡಿಯವನನ್ನು ತರುತ್ತಾರೆ. ದೂತನ ಹೆಸರು ಇಡೀಯಸ್ ಎಂದೇ ಇರಬೇಕಾದ್ದರಿಂದ ಅವತ್ತಿನ ಮಟ್ಟಿಗೆ ಅವನೂ ಇಡೀಯಸ್. ಸ್ವಂತ ಹೆಸರು ಅವತ್ತು ಯಾರಿಗೂ ಬೇಕಿಲ್ಲ. ದಾರಿಯಲ್ಲಿ ಹೊಳೆ ಸಿಗುತ್ತದೆ. ಬಂಡಿಯವನು ದೊರೆಗೆ ಕಾಲು ನೀರಿಗೆ ಬಿಡಿ, ಹಾಯಾಗುತ್ತದೆ ಎನ್ನುತ್ತಾನೆ. ಬುತ್ತಿ ಬಿಚ್ಚಿ ಸೊಸೆ ಸುಟ್ಟ ಪುಟ್ಟ ರೊಟ್ಟಿಗಳನ್ನು ಕೊಟ್ಟು, ಅವಳು ಅವನ್ನು ಕಲ್ಲಿನ ಮೇಲೆ ಹೇಗೆ ಮಗುಚುತ್ತಾಳೆಂದು ಹೇಳುತ್ತಾನೆ. ಅವನೂ ಮಕ್ಕಳನ್ನು ಕಳೆದುಕೊಂಡವನು. ಒಬ್ಬೊಬ್ಬ ಮಗ ಹೇಗಿದ್ದ, ಹೇಗೆ ಸತ್ತ ಎಂದು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಾನೆ. 50 ಗಂಡುಮಕ್ಕಳ ತಂದೆ ಪ್ರಿಯಾಮ್‌ಗೆ ಅಲ್ಲಿ ಹೊಳೆಯುತ್ತದೆ: ತನ್ನ ಮಕ್ಕಳಲ್ಲಿ ಒಬ್ಬನನ್ನೂ ತಾನು ಹೀಗೆ ಬಲ್ಲವನಲ್ಲ. ಹೋಮರನ ಒಂದಕ್ಷರ ಅಳಿಸದೆ ಮಾಲೂಫ್ ಈ ಹೊಳೆಯ ದಡವನ್ನು ಕಥೆಯೊಳಗೆ ತೂರಿಸಿದ್ದಾರೆ. ಯಾರಿಗೂ ಪಾಠ ಹೇಳಿಲ್ಲ, ಯಾರನ್ನೂ ಬೈದಿಲ್ಲ.

ಕನ್ನಡದವರಾದ ನಿಮಗೆ ಈ ಆಟ ಹೊಸತೇನಲ್ಲ ಎಂದು ನೆನಪಿಸುವುದು ಮೇಷ್ಟರ ಚಾಳಿ, ಮನ್ನಿಸಿ. ‘ಶ್ರೀರಾಮಾಯಣ ದರ್ಶನಂ’ ಬರೆಯುವಾಗ ಕುವೆಂಪು ತಾವು ಕೈಮುಗಿದ ಕವಿಗಳ ಸಾಲಿನಲ್ಲಿ ಹೋಮರನನ್ನೂ ಕೂರಿಸಿದರು. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದರು. ಹುಚ್ಚು ಕವಿದು ದನಕುರಿಗಳನ್ನು ಶತ್ರುಗಳೆಂದು ಕಡಿದು, ತಿಳಿವು ಬಂದ ಮೇಲೆ ನಾಚಿ ತನ್ನ ಕತ್ತಿಯ ಮೇಲೆ ಬಿದ್ದು ಸತ್ತವನು ಏಜಾಕ್ಸ್. ಆ ದುರಂತ ಕನ್ನಡದಲ್ಲಿ ನಿಲ್ಲಬೇಕೆಂದು ಶ್ರೀಯವರು ಚಿರಂಜೀವಿ ಎಂದು ನಂಬಿದ ಅಶ್ವತ್ಥಾಮನಿಗೇ ಸಾವು ತಂದರು. ಜನ ಸುಮ್ಮನಿರಲಿಲ್ಲ, ಅದರ ಬಗ್ಗೆ ದಶಕಗಟ್ಟಲೆ ವಾದ ನಡೆಯಿತು. ವಾದ ಮಾಡಿದವರಿಗೆ ಮೂಲ ಗೊತ್ತಿತ್ತು, ಅದಕ್ಕೇ ವಾದ ಮಾಡಿದರು. ಲಂಕೇಶರ ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ ಕನ್ನಡದಲ್ಲೇ ಇವೆ. ಓದಲು ಒಂದು ಮಧ್ಯಾಹ್ನ ಸಾಕು.

ಈಗ ನನ್ನ ಕೋರಿಕೆಗಳು. ಇಡೀ ಹೋಮರನನ್ನು ಓದಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಓದುವುದಿಲ್ಲ. ಕಾದಂಬರಿ ಮುಗಿಸಿದ ವಾರದಲ್ಲೇ ಅದಕ್ಕೆ ಬೀಜವಾದ ಸರ್ಗವೊಂದನ್ನು ಓದಿ. ಬಾರ್ಕರ್ ಮುಗಿದ ಮೇಲೆ ಇಲಿಯಡ್‌ನ 19, ಮಿಲ್ಲರ್ ಮುಗಿದ ಮೇಲೆ 16, ಅಟ್‌ವುಡ್ ಮುಗಿದ ಮೇಲೆ ಒಡಿಸ್ಸಿಯ 22. ಮಾಲೂಫ್ ಓದುವುದಾದರೆ 24ನೆಯದನ್ನು ಮೊದಲೇ ಓದಿಕೊಳ್ಳಿ. ಪದ್ಯ ಕಷ್ಟವೆನಿಸಿದರೆ ಇ.ವಿ. ರ‍್ಯೂ ಅವರ ಹಳೆಯ ಗದ್ಯಾನುವಾದಗಳು ಈಗಲೂ ಸಿಗುತ್ತವೆ. ಪದ್ಯವೇ ಬೇಕೆಂದರೆ ಎಮಿಲಿ ವಿಲ್ಸನ್ ಅವರ ಒಡಿಸ್ಸಿ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಫೋನಿನಲ್ಲಿ ಪುಸ್ತಕದ ಬಗ್ಗೆ ಬರೆಯುವವರಲ್ಲಿ ಇನ್ನೊಂದು ಕೋರಿಕೆ. ‘ಮೊದಲ ಬಾರಿ ದನಿ’ ಎಂಬ ಸಾಲನ್ನು ಬಿಟ್ಟು ಆ ಜಾಗದಲ್ಲಿ ಲೇಖಕಿ ಹೊಸದಾಗಿ ಸೇರಿಸಿದ್ದು ಏನು, ತೆಗೆದದ್ದು ಏನು ಎಂದು ಒಂದೊಂದು ಸಾಲು ಬರೆಯಿರಿ. ನಿಮ್ಮ ಬರಹ ಓದಿ ಪುಸ್ತಕ ಕೊಳ್ಳುವವರಿಗೆ ಅದರಿಂದ ಹೆಚ್ಚು ಉಪಕಾರ. ಗ್ರಂಥಾಲಯಕ್ಕೆ ಈ ಕಾದಂಬರಿಗಳನ್ನು ತರಿಸಿ ಎಂದು ಬೇಡಿಕೆ ಬರೆಯುವಾಗ ಕೆಳಗೆ ಯೂರಿಪಿಡೀಸ್ ಎಂದೂ ಸೇರಿಸಿ. ಬೆಲೆ ಕಡಿಮೆ, ಯಾರೂ ಬೇಡ ಎನ್ನುವುದಿಲ್ಲ.

ನಿಮ್ಮಲ್ಲಿ ಬರೆಯುವ ಹುಮ್ಮಸ್ಸಿರುವವರಿಗೆ ಕೊನೆಯ ಮಾತು. ರಾಣಿಯರ ಕಥೆಗಳನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಿಮಗಾಗಿ ಸ್ಕೈರಾಸಿನ ಇಫಿಸ್ ಇದ್ದಾಳೆ. ಅವಳು ಪಾತ್ರೋಕ್ಲಸನ ಪಕ್ಕದಲ್ಲಿ ಮಲಗಿದ ರಾತ್ರಿಯೇ ಅಕಿಲೀಸನ ಪಕ್ಕದಲ್ಲಿ ಮಲಗಿದವಳು ಲೆಸ್ಬಾಸಿನಿಂದ ತಂದ ಡಯೊಮಿಡಿ, ಅವಳಿಗೂ ಒಂದೆರಡು ಸಾಲಷ್ಟೇ ಸಿಕ್ಕಿದೆ. ಇವರಲ್ಲಿ ಒಬ್ಬಳ ಮೇಲೆ ಕನ್ನಡದಲ್ಲಿ ಯಾರಾದರೂ ಹತ್ತು ಪುಟ ಬರೆದರೆ ನಮ್ಮ ಭಾನುವಾರದ ಗುಂಪಿಗೆ ತಂದು ಓದಿ. ಮೊದಲು ಕೇಳುವವನು ನಾನು. ಹೋಮರನನ್ನು ಪಕ್ಕದಲ್ಲಿಟ್ಟುಕೊಂಡು ತಕರಾರು ತೆಗೆಯುವವನೂ ನಾನೇ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇಂಗ್ಲಿಷ್ ಅಧ್ಯಾಪಕ